ಒಂದೇ ರಿಂಗಿಗೆ ಓಗೊಟ್ಟ ಮೋಡೆಮ್

“ಇವತ್ತು ಸಂಜೆ ಐದರೊಳಗೆ ಮಹಡಿಯ ಕಂಪ್ಯೂಟರೂ ಹಜಾರದ ಕಂಪ್ಯೂಟರೂ ಒಂದರ ಜೊತೆ ಒಂದು ಮಾತಾಡದಿದ್ರೆ, ನನ್ನನ್ನ ಹೆಸರು ಹಿಡಿದು ಕರೀಬೇಡ!”

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಸ್ಕ್ರೂಡ್ರೈವರನ್ನು ಖಡ್ಗದಂತೆ ಮೇಲೆತ್ತಿ ಹಿಡಿದು ನಾನು ಮಾಡಿದ ಭೀಷಣ ಪ್ರತಿಜ್ಞೆ ಇದು.

“ನಾನು ಯಾವತ್ತು ನಿಮ್ಮನ್ನ ಹೆಸರು ಹಿಡಿದು ಕರೆದಿದ್ದೀನಿ? ‘ರೀ’ ಅಂದ್ರೆ ಬರ್ತೀರಲ್ಲ” ಎಂದಳು ನನ್ನ ಹೆಂಡತಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

ಪ್ರತಿಜ್ಞೆಗೆ ಮೊದಲ ಏಟು ಅಲ್ಲೇ ಬಿತ್ತು. ಆದರೆ ವೀರರು ಇಂಥದ್ದಕ್ಕೆಲ್ಲ ಕುಗ್ಗುವುದಿಲ್ಲ!

ಫೋನು ಇನ್ನೂ ಗೋಡೆಗೆ ಕಟ್ಟಿಹಾಕಿದ ಪ್ರಾಣಿಯಾಗಿದ್ದ ಕಾಲ ಅದು. ನನ್ನ ಹೆಂಡತಿ ಕಟ್ಟಡಗಳ ನಕ್ಷೆ ಬರೆಯುವವಳು. ಅವಳ ಕಂಪ್ಯೂಟರು ಮಹಡಿಯ ಕೋಣೆಯಲ್ಲಿ. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ನನ್ನ ಕಂಪ್ಯೂಟರು ಹಜಾರದ ಮೂಲೆಯಲ್ಲಿ. ಅದರ ಪಕ್ಕ ಫೋನು. ಫೋನಿನ ಪಕ್ಕ, ಅವತ್ತಿನ ಮಟ್ಟಿಗೆ, ಅತ್ತೆ.

ಅತ್ತೆ ಸುಮ್ಮನೆ ಕೂತಿರಲಿಲ್ಲ, ಕಾವಲು ಕೂತಿದ್ದರು. ಅವರ ಕಿರಿಯ ಮಗಳು ಚೊಚ್ಚಲ ಹೆರಿಗೆಗೆಂದು ಹಿಂದಿನ ದಿನವಷ್ಟೇ ಆಸ್ಪತ್ರೆ ಸೇರಿದ್ದಳು. ಜೊತೆಗೆ ಒಬ್ಬರು ಮಾತ್ರ ಇರಬಹುದು ಎಂದು ಆಸ್ಪತ್ರೆಯವರು ಕಡ್ಡಾಯ ಮಾಡಿದ್ದರಿಂದ ಅವಳ ಗಂಡ, ಅಂದರೆ ನನ್ನ ಷಡ್ಡಕ, ಅಲ್ಲಿದ್ದ. ಅತ್ತೆಯ ಪಾದ ಬೇರೆ ಉಳುಕಿ ಊದಿಕೊಂಡಿತ್ತು. ಹಾಗಾಗಿ ಅವರು ಬೆತ್ತದ ಕುರ್ಚಿಯಲ್ಲಿ ಕೂತು, ಪಾದವನ್ನು ಸ್ಟೂಲಿನ ಮೇಲಿಟ್ಟು, ಕಣ್ಣನ್ನು ಫೋನಿನ ಮೇಲಿಟ್ಟಿದ್ದರು. ಸುದ್ದಿ ಬಂದ ಕೂಡಲೇ ಷಡ್ಡಕ ಫೋನ್ ಮಾಡುವುದೆಂದು ಮಾತಾಗಿತ್ತು.

ನನ್ನ ಹೆಂಡತಿಗೂ ಅವತ್ತೇ ಗಡುವು. ಶಾಲೆಯೊಂದರ ಹೊಸ ಕಟ್ಟಡದ ಮೆಟ್ಟಿಲಿನ ನಕ್ಷೆಯನ್ನು ಐದು ಗಂಟೆಯೊಳಗೆ ಊರಿನ ಆ ತುದಿಯ ಎಂಜಿನಿಯರ ಕಚೇರಿಗೆ ತಲುಪಿಸಬೇಕು. ಐದು ದಾಟಿದರೆ ಎಂಜಿನಿಯರು ರೈಲಿನಲ್ಲಿರುತ್ತಾರೆ. ಅವರು ಅವಳಿಗೆ ಕೊಟ್ಟ ಮೊದಲ ಕೆಲಸ ಅದು; ತಪ್ಪಿದರೆ ಅದೇ ಕೊನೆಯದೂ ಆಗುತ್ತಿತ್ತು. ಬೇರೆ ದಿನವಾಗಿದ್ದರೆ ನಕ್ಷೆಯನ್ನು ಫ್ಲಾಪಿಗೆ ತುಂಬಿ, ಬಸ್ಸು ಹತ್ತಿ ಕೊಟ್ಟು ಬರುತ್ತಿದ್ದಳು. ಅವತ್ತು ತಂಗಿಯ ಸುದ್ದಿ ಬರುವ ಹೊತ್ತಿನಲ್ಲಿ ಮನೆ ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಇಲ್ಲೇ ನೋಡಿ, ನನ್ನೊಳಗಿನ ಮಹಾಪುರುಷ ಎದ್ದು ನಿಂತದ್ದು!

ಮುದ್ರಣಾಲಯದಲ್ಲಿ ಹಳೆಯದನ್ನು ಕಿತ್ತು ಹೊಸದು ಹಾಕಿದಾಗ, ಒಂದು ಮೋಡೆಮ್, ಎರಡು ಈಥರ್ನೆಟ್ ಕಾರ್ಡು, ಒಂದು ಸುರುಳಿ ಕಪ್ಪು ಕೇಬಲ್ಲು ನನ್ನ ಪಾಲಿಗೆ ಬಂದಿದ್ದವು. ಮಹಡಿಯಿಂದ ನಕ್ಷೆ ಕೇಬಲ್ಲಿನಲ್ಲಿ ಹಜಾರಕ್ಕೆ ಇಳಿಯಬೇಕು. ಹಜಾರದಿಂದ ಮೋಡೆಮಿನ ಬೆನ್ನೇರಿ ಫೋನಿನ ತಂತಿಯಲ್ಲಿ ಎಂಜಿನಿಯರ ಕಚೇರಿಗೆ ಹಾರಬೇಕು. ಯಾರೂ ಎಲ್ಲಿಗೂ ಕದಲಬೇಕಾಗಿಲ್ಲ!

“ರೀ, ಫ್ಲಾಪೀಲಿ ಹಾಕ್ಕೊಂಡು ನಾನೇ ಕೆಳಗೆ ತರ್ತೀನಿ. ನೀವು ಮೋಡೆಮಿಂದ ಕಳಿಸಿ. ಸಾಲದಾ?”

“ಹದಿನೇಳು ಮೆಟ್ಟಿಲು ಇಳೀಬೇಕು ನೀನು!”

“ಇಪ್ಪತ್ತು ಸೆಕೆಂಡು ಸಾಕು ನನಗೆ.”

“ಈಥರ್ನೆಟ್ಟಿಗೆ ಎರಡು ಸೆಕೆಂಡು!”

“ಯಾವ ಥರ?” ಎಂದರು ಅತ್ತೆ, ಫೋನಿನಿಂದ ಕಣ್ಣು ತೆಗೆಯದೆ.

“ಈಥರ್ನೆಟ್ ಅತ್ತೆ, ಈಥರ್ನೆಟ್.”

“ಅದೇ ಕೇಳಿದ್ದು. ಈ ಥರ ಮಾಡಿದ್ರೆ ನೆಟ್ಟಗಾಗುತ್ತಾ?”

ನಾನು ಕೈಪಿಡಿ ತೆರೆದೆ.

ಕೈಪಿಡಿಯ ವಿಚಾರದಲ್ಲಿ ನನ್ನದೊಂದು ವೃತ್ತಿರೋಗವಿದೆ. ಅಚ್ಚಾದ ಹಾಳೆ ಕಣ್ಣಿಗೆ ಬಿದ್ದರೆ ಸಾಕು, ಕೈ ತಾನಾಗಿಯೇ ಕೆಂಪು ಪೆನ್ನು ಹುಡುಕುತ್ತದೆ. ಈ ಕೈಪಿಡಿಯಂತೂ ಎಲ್ಲೋ ಯಾರೋ ಅವಸರದಲ್ಲಿ ಇಂಗ್ಲಿಷಿಗೆ ತಿರುಗಿಸಿದ್ದು. ಪುಟಕ್ಕೆ ಆರು ತಪ್ಪು! ಒಂದು ಗಂಟೆ ಕೂತು ಐವತ್ಮೂರು ಕಾಗುಣಿತ ದೋಷ, ಹನ್ನೆರಡು ಅಲ್ಪವಿರಾಮದ ಅಪಚಾರ, ಎರಡು ಕಡೆ ತಲೆಕೆಳಗಾದ ಚಿತ್ರ ಪತ್ತೆಹಚ್ಚಿದೆ. ‘ಬೇರೆ ಯಾವ ಉಪಕರಣವೂ ಬಳಸದ ಸಂಖ್ಯೆಯನ್ನೇ ಕಾರ್ಡಿಗೆ ಆರಿಸಿಕೊಳ್ಳಿ’ ಎಂಬ ಸಾಲಿನಲ್ಲಿ ‘ಸಂಖ್ಯೆ’ ಎಂಬ ಪದದ ಒಂದು ಅಕ್ಷರ ಬಿಟ್ಟುಹೋಗಿತ್ತು. ಅದನ್ನು ಸೇರಿಸಿ ಮುಂದಿನ ಪುಟಕ್ಕೆ ಹೋದೆ. ಆ ಸಾಲು ಏನು ಹೇಳುತ್ತಿದೆ ಎಂಬ ಕಡೆಗೆ ಗಮನ ಹೋಗಲಿಲ್ಲ. ಅದು ಲೇಖಕರ ಜವಾಬ್ದಾರಿ, ನನ್ನದಲ್ಲ!

ಮೊದಲು ಮೋಡೆಮ್. ಸಾಬೂನಿನ ಪೆಟ್ಟಿಗೆಯಷ್ಟು ಗಾತ್ರ, ಮುಖದ ತುಂಬ ಕೆಂಪು ದೀಪಗಳು. ಅದರ ಜೊತೆ ಮಾತಾಡಬೇಕಾದರೆ ಪ್ರತಿ ಆಜ್ಞೆಯನ್ನೂ ‘ಎ ಟಿ’ ಎಂಬ ಎರಡು ಅಕ್ಷರದಿಂದ ಶುರುಮಾಡಬೇಕು. ‘ಗಮನವಿರಲಿ’ ಎಂದು ಅದರ ಅರ್ಥವಂತೆ. ನನ್ನ ಮನೆಯಲ್ಲಿ ಇಷ್ಟು ಗೌರವದಿಂದ ನನ್ನ ಮಾತು ಕೇಳುವ ವಸ್ತು ಬಂದದ್ದು ಅದೇ ಮೊದಲು! ‘ಎ ಟಿ’ ಎಂದು ಕುಟ್ಟಿದೆ. ‘ಓಕೆ’ ಎಂದಿತು. ಇನ್ನೊಮ್ಮೆ ಕುಟ್ಟಿದೆ. ಮತ್ತೆ ‘ಓಕೆ’! ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಸತತ ಎರಡು ಸಲ ನನ್ನ ಮಾತಿಗೆ ಯಾರೂ ಒಪ್ಪಿರಲಿಲ್ಲ. ಕಣ್ಣು ತುಂಬಿ ಬಂತು.

ಒಂದೇ ಕಿರಿಕಿರಿ. ನಾನು ಕುಟ್ಟಿದ್ದನ್ನೆಲ್ಲ ಅದು ಪರದೆಯ ಮೇಲೆ ತಿರುಗಿ ಒಪ್ಪಿಸುತ್ತಿತ್ತು. ಒಂದೊಂದು ಅಕ್ಷರವೂ ಎರಡೆರಡು. ಇದನ್ನು ನಿಲ್ಲಿಸುವ ಆಜ್ಞೆ ‘ಎ ಟಿ ಇ’, ಮುಂದೊಂದು ಸೊನ್ನೆ. ಕೂಡಿಸಿ ಓದಿದರೆ ‘ಅತೆ’. ಕರಡು ತಿದ್ದುವವನ ಕಣ್ಣಿಗೆ ಅದು ಒತ್ತಕ್ಷರ ಬಿಟ್ಟುಹೋದ ಬೇರೊಂದು ಪದದಂತೆಯೇ ಕಂಡಿತು. ಕುಟ್ಟಿದೆ. ಪ್ರತಿಧ್ವನಿ ನಿಂತಿತು! ಸಂತೋಷದಲ್ಲಿ ಕುರ್ಚಿಯಿಂದ ಅರ್ಧ ಎದ್ದು ಮಹಡಿಯ ಕಡೆಗೆ ಕೂಗಿದೆ:

“ಏ ಕೇಳಿಸ್ತಾ? ಅತ್ತೆ ಸೊನ್ನೆ! ಇನ್ಮೇಲೆ ನಾನು ಹೇಳಿದ್ದಕ್ಕೆಲ್ಲ ತಿರುಗಿ ಮಾತಾಡೋ ಹಾಗಿಲ್ಲ!”

ಬೆತ್ತದ ಕುರ್ಚಿ ಕಿರುಗುಟ್ಟಿತು.

“ಯಾರು ಸೊನ್ನೆ, ಅಳಿಯಂದಿರೇ?”

“ಅಯ್ಯೋ, ನೀವಲ್ಲ ಅತ್ತೆ! ಅದು ಆಜ್ಞೆ!”

“ಓ. ಆಜ್ಞೆ ಬೇರೆನಾ?”

ಮೇಲಿಂದ ಹೆಂಡತಿ ಮೆಟ್ಟಿಲ ತುದಿಗೆ ಬಂದು ಇಣುಕಿದಳು. “ರೀ, ಅಮ್ಮನ ಹತ್ರ ಏನು ಜಗಳ?”

“ಜಗಳ ಏನಿಲ್ಲ ಕಣೇ” ಎಂದರು ಅತ್ತೆ, “ನಿನ್ನ ಗಂಡ ನನಗೆ ಮಾರ್ಕ್ಸು ಕೊಡ್ತಿದ್ದಾರೆ.”

ವಿವರಿಸಲು ಹತ್ತು ನಿಮಿಷ ಬೇಕಾಯಿತು. ಅತ್ತೆ ತಲೆಯಾಡಿಸಿದರು. ಆದರೆ ಪೂರ್ತಿ ನಂಬಿದ ತಲೆಯಾಡಿಸುವಿಕೆ ಅದಾಗಿರಲಿಲ್ಲ.

ಹನ್ನೊಂದಕ್ಕೆ ಪರೀಕ್ಷಾರ್ಥ ಎಂಜಿನಿಯರ ಕಚೇರಿಗೆ ಡಯಲ್ ಮಾಡಿದೆ. ಟುಕು ಟುಕು ಎಂದು ಅಂಕಿಗಳು ಒಂದೊಂದಾಗಿ ಹೋದವು. ಆಮೇಲೆ, ಅಬ್ಬಬ್ಬಾ! ಕ್ರೀಂಯ್ಯ್ಯ್, ಖರ್ರ್ರ್, ಬೊಂಯ್ ಬೊಂಯ್, ಶ್ಶ್ಶ್! ಹತ್ತು ಬೆಕ್ಕುಗಳನ್ನು ಒಂದೇ ಡಬ್ಬಿಗೆ ಹಾಕಿ ಅಲ್ಲಾಡಿಸಿದ ಹಾಗೆ. ಅತ್ತೆ ಎದೆ ಹಿಡಿದುಕೊಂಡರು. ಪಕ್ಕದ ಮನೆಯ ನಾಯಿ ಊಳಿಟ್ಟಿತು. ಪರದೆಯ ಮೇಲೆ ಮಾತ್ರ ‘ಸಂಪರ್ಕ ಸಿದ್ಧ’ ಎಂದು ಬಂತು. ಗೆದ್ದೆ!

“ಗೆದ್ದಿದ್ದು ಸಾಕು, ಆ ಕಿರುಚಾಟ ನಿಲ್ಲಿಸಿ” ಎಂದಳು ಹೆಂಡತಿ. “ಅಮ್ಮ ಎದೆ ಹಿಡ್ಕೊಂಡಿದ್ದಾರೆ ನೋಡಿ.”

ನಿಲ್ಲಿಸುವುದು ಎಷ್ಟು ಹೊತ್ತಿನ ಕೆಲಸ? ಮೋಡೆಮಿನ ಸ್ಪೀಕರಿಗೆ ಬೀಗ ಜಡಿಯುವ ಒಂದು ಆಜ್ಞೆ ಕೊಟ್ಟೆ. ಕೈಗೆ ಹುರುಪು ಹತ್ತಿತ್ತು. ಇನ್ನೊಂದು ಸಾಲು ಕಣ್ಣಿಗೆ ಬಿತ್ತು: ‘ಸ್ವಯಂ ಉತ್ತರ’. ಫೋನು ಬಂದರೆ ಮೋಡೆಮ್ ತಾನೇ ಎತ್ತಿಕೊಳ್ಳುತ್ತದೆ. ಎಷ್ಟನೇ ರಿಂಗಿಗೆ ಎತ್ತಬೇಕೆಂದು ನಾವು ಹೇಳಬಹುದು. ಎಂಜಿನಿಯರ ಕಚೇರಿಯಿಂದ ಏನಾದರೂ ತಿದ್ದುಪಡಿ ವಾಪಸ್ಸು ಬಂದರೆ? ಇರಲಿ ಎಂದು ‘ಒಂದು’ ಅಂದೆ. ಕೊನೆಯಲ್ಲಿ, ಕರೆಂಟು ಹೋದರೂ ಕಂಪ್ಯೂಟರು ಕೆಟ್ಟರೂ ಇಷ್ಟನ್ನೂ ಮರೆಯಬಾರದೆಂದು ಅದರ ನೆನಪಿನೊಳಗೆ ಶಾಶ್ವತವಾಗಿ ಬರೆಸಿದೆ. ‘ಓಕೆ’ ಎಂದಿತು. ಪಾಪದ್ದು, ಏನು ಹೇಳಿದರೂ ‘ಓಕೆ’!

ಇನ್ನು ಈಥರ್ನೆಟ್. ಕಾರ್ಡಿನ ಬೆನ್ನಿಗೆ ಮೂರು ಬಾಯಿ: ಒಂದು ದುಂಡು ಬಾಯಿ, ಒಂದು ಫೋನಿನ ತೂತಿನಂಥ ಚೌಕ ಬಾಯಿ, ಒಂದು ಹದಿನೈದು ತೂತಿನ ಅಗಲ ಬಾಯಿ. ಯಾವ ಬಾಯಿಂದ ಮಾತಾಡಬೇಕೆಂದು ಮೊದಲೇ ಹೇಳಬೇಕು. ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲ. ಎಲ್ಲ ಬಾಯಿಗಳೂ ಒಟ್ಟಿಗೇ ಮಾತಾಡುತ್ತವೆ. ಹೇಳುವ ವಿಧಾನವೋ, ಕಾರ್ಡಿನ ಮೇಲಿನ ಸೂಜಿಯಂಥ ಜೋಡಿ ಕಡ್ಡಿಗಳಿಗೆ ಅಕ್ಕಿಕಾಳಿನಷ್ಟು ಪುಟ್ಟ ಕಪ್ಪು ಟೋಪಿ ತೊಡಿಸುವುದು. ಒಂದು ಟೋಪಿ ಚಿಮ್ಮಿ ನೆಲಕ್ಕೆ ಬಿತ್ತು. ಅರ್ಧ ಗಂಟೆ ಅಂಬೆಗಾಲಿಟ್ಟು ಹುಡುಕಿದೆ. ಕೊನೆಗೆ ಸಿಕ್ಕಿತು, ನನ್ನ ಮೊಣಕಾಲಿಗೆ. ಚುಚ್ಚಿಕೊಂಡಿತ್ತು!

ಟೋಪಿಗಳ ಇನ್ನೊಂದು ಸಾಲು ಇತ್ತು. ಅದರ ಮೂಲಕ ಕಾರ್ಡಿಗೊಂದು ಸಂಖ್ಯೆ ಕೊಡಬೇಕು. ತನಗೆ ಹೇಳುವುದಿದ್ದಾಗ ಕಾರ್ಡು ಆ ಸಂಖ್ಯೆಯಲ್ಲಿ ಕಂಪ್ಯೂಟರನ್ನು ಕೂಗುತ್ತದೆ. ಕಾರ್ಖಾನೆಯವರು ‘ಮೂರು’ ಇಟ್ಟು ಕಳಿಸಿದ್ದರು. ಮೋಡೆಮಿನ ಸಂಖ್ಯೆಯೂ ‘ಮೂರು’. ಇರಲಿ ಬಿಡು, ಒಳ್ಳೆ ಸಂಖ್ಯೆ, ಇಬ್ಬರಿಗೂ ಇರಲಿ ಎಂದುಕೊಂಡೆ!

ಆಮೇಲೆ ಕೇಬಲ್ಲು. ಮಹಡಿಯ ಕೋಣೆಯಿಂದ ಇಳಿಸಿ, ಮೆಟ್ಟಿಲ ಕಟಕಟೆಗೆ ಸುತ್ತಿ, ಬಾಗಿಲ ಮೇಲೆ ಹಾಯಿಸಿ, ಅತ್ತೆಯ ಕುರ್ಚಿಯ ಹಿಂದಿನಿಂದ ಹಜಾರದ ಮೂಲೆಗೆ ತಂದೆ. ಎರಡೂ ಕಡೆ ‘ಟಿ’ ಆಕಾರದ ಜೋಡಣೆ ಸಿಕ್ಕಿಸಿದೆ. ಪೊಟ್ಟಣದಲ್ಲಿ ಎರಡು ಪುಟ್ಟ ಲೋಹದ ಮುಚ್ಚಳ ಉಳಿದವು. ಧೂಳು ಕೂರದಿರಲೆಂದು ಕೊಟ್ಟಿರಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಧೂಳೇ? ಎರಡನ್ನೂ ಪೆನ್ನಿನ ಡಬ್ಬಿಗೆ ಎಸೆದೆ.

ಒಂದು ಗಂಟೆಗೆ ಸರಿಯಾಗಿ ಎರಡೂ ಕಂಪ್ಯೂಟರಿಗೆ ಜೀವ ಕೊಟ್ಟೆ.

ಮಹಡಿಗೆ ಹಜಾರ ಕಾಣಲಿಲ್ಲ. ಹಜಾರಕ್ಕೆ ಮಹಡಿ ಕಾಣಲಿಲ್ಲ. ಇರಲಿ, ಮೋಡೆಮ್ ಇದೆಯಲ್ಲ ಎಂದು ‘ಎ ಟಿ’ ಕುಟ್ಟಿದೆ. ಉತ್ತರವಿಲ್ಲ. ಮತ್ತೆ ಕುಟ್ಟಿದೆ. ಮೌನ. ಬೆಳಿಗ್ಗೆಯಿಂದ ನನ್ನ ಪ್ರತಿ ಮಾತಿಗೂ ತಲೆಬಾಗಿದ್ದ ಆ ಏಕೈಕ ಜೀವ, ಕೈಬಿಟ್ಟು ಹೊರಟುಹೋಗಿತ್ತು!

“ಏನಾಯ್ತು ರೀ?”

“ಮೋಡೆಮ್ ಹೋಯ್ತು ಕಣೇ.”

“ಎಲ್ಲಿಗೆ?”

ಆಗ ಫೋನು ‘ಟ್ರಿಣ್’ ಎಂದಿತು. ಅತ್ತೆ ಹದ್ದಿನಂತೆ ಎರಗಿ ರಿಸೀವರು ಎತ್ತಿದರು. “ಹಲೋ! ಹಲೋ! ಏನು ಮಗು?” ಆ ಕಡೆ ಏನೂ ಇಲ್ಲ, ಸತ್ತ ಮೌನ. ಇಟ್ಟರು.

ಐದು ನಿಮಿಷಕ್ಕೆ ಮತ್ತೆ ‘ಟ್ರಿಣ್’. ಒಂದೇ ಒಂದು. ಎತ್ತಿದರೆ ಮೌನ. ಮತ್ತೆ ಮತ್ತೆ ಅದೇ. ಎರಡು ಗಂಟೆಯ ಹೊತ್ತಿಗೆ ಒಂಬತ್ತು ಸಲ ಆಯಿತು.

“ಅಳಿಯಂದಿರೇ, ಒಂದು ಮಾತು. ಫೋನು ಟ್ರಿಣ್ ಅಂದಾಗಲೆಲ್ಲ ಆ ಪೆಟ್ಟಿಗೆ ಒಂದು ಕೆಂಪು ಕಣ್ಣು ಬಿಡುತ್ತೆ. ನಾನು ಬೆಳಿಗ್ಗೆಯಿಂದ ಇಲ್ಲೇ ಕೂತು ನೋಡ್ತಿದ್ದೀನಿ.”

“ಅದು ಸತ್ತಿದೆ ಅತ್ತೆ.”

“ಸತ್ತೋರು ಕಣ್ಣು ಬಿಡ್ತಾರಾ?”

“ಅದು ಬೇರೆ ದೀಪ ಅತ್ತೆ. ತಾಂತ್ರಿಕ ವಿಷಯ. ನಿಮಗೆ ಗೊತ್ತಾಗಲ್ಲ.”

“ಹೌದಪ್ಪ. ಸೊನ್ನೆಗೆ ಏನು ಗೊತ್ತಾಗುತ್ತೆ!”

ನಾನು ಸತ್ತಿದೆ ಎಂದು ಶ್ರಾದ್ಧ ಮಾಡಿ ಮುಗಿಸಿದ್ದ ಮೋಡೆಮ್ ನಿಜಕ್ಕೂ ಗಟ್ಟಿಮುಟ್ಟಾಗಿತ್ತು. ಕಾರ್ಡೂ ಅದೂ ಒಂದೇ ಸಂಖ್ಯೆಯಲ್ಲಿ ಕೂಗುತ್ತಿದ್ದುದರಿಂದ ಕಂಪ್ಯೂಟರಿಗೆ ತಲೆಕೆಟ್ಟು ಅದರ ಮಾತು ಕೇಳುವುದನ್ನೇ ಬಿಟ್ಟಿತ್ತು, ಅಷ್ಟೇ. ಕಂಪ್ಯೂಟರು ಕೇಳಲಿ ಬಿಡಲಿ, ಮೋಡೆಮಿಗೆ ನನ್ನ ಆಜ್ಞೆ ನೆನಪಿತ್ತು: ಮೊದಲ ರಿಂಗಿಗೇ ಎತ್ತು! ನಮಗೆ ಕೇಳದ ಹಾಗೆ ಸ್ಪೀಕರು ಮುಚ್ಚಿಕೊಂಡು, ಫೋನಿನಿಂದ ತಂತಿಯನ್ನು ಕಸಿದುಕೊಂಡು, ಕರೆ ಮಾಡಿದ ಪ್ರತಿಯೊಬ್ಬರ ಕಿವಿಯಲ್ಲೂ ಅದು ಪ್ರಾಮಾಣಿಕವಾಗಿ ಕಿರುಚುತ್ತಿತ್ತು. ಇಷ್ಟೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ಒಂದೇ, ಗಡಿಯಾರದ ಮುಳ್ಳು ಯಾವತ್ತಿಗಿಂತ ಬೇಗ ಓಡುತ್ತಿತ್ತು.

ಮೂರೂವರೆಗೆ ಹೆಂಡತಿ ಕೆಳಗಿಳಿದು ಬಂದಳು. ಕೇಬಲ್ಲಿನ ಜಾಡು ಹಿಡಿದು, ಕಟಕಟೆ, ಬಾಗಿಲು, ಕುರ್ಚಿ ಎಲ್ಲ ದಾಟಿ ನನ್ನ ಮೇಜಿನ ಹತ್ತಿರ ನಿಂತಳು. ‘ಟಿ’ಯ ಒಂದು ಕೈಗೆ ಕೇಬಲ್ಲು; ಇನ್ನೊಂದು ಕೈ ಬರಿದು.

“ರೀ, ಈ ತುದಿ ಯಾಕೆ ತೆರೆದಿದೆ?”

“ಅಲ್ಲಿಗೆ ಕೇಬಲ್ ಮುಗೀತಲ್ಲ, ಅದಕ್ಕೆ.”

“ಕೊಳಾಯಿ ಪೈಪು ಮುಗಿದ ಕಡೆ ಮುಚ್ಚದಿದ್ರೆ ಏನಾಗುತ್ತೆ? ನಾನು ನಕ್ಷೆ ಬರೆಯೋ ಪ್ರತಿ ಮನೇಲೂ ತುದಿಗೊಂದು ಮುಚ್ಚಳ ಇರುತ್ತೆ.”

ನನ್ನ ಕಣ್ಣು ನನ್ನ ಅನುಮತಿಯಿಲ್ಲದೆ ಪೆನ್ನಿನ ಡಬ್ಬಿಯ ಕಡೆಗೆ ಹೋಯಿತು. ಅವಳ ಕಣ್ಣು ನನ್ನ ಕಣ್ಣಿನ ಹಿಂದೆಯೇ ಹೋಯಿತು. ಡಬ್ಬಿ ಬೋರಲು ಹಾಕಿ ಎರಡೂ ಮುಚ್ಚಳ ಹೆಕ್ಕಿಕೊಂಡಳು. ಒಂದನ್ನು ಇಲ್ಲಿ ತಿರುಗಿಸಿ ಕೂರಿಸಿದಳು. ಇನ್ನೊಂದನ್ನು ಹಿಡಿದು ಮಹಡಿಗೆ ಓಡಿದಳು.

ನನ್ನ ಪರದೆಯ ಮೇಲೆ ಮಹಡಿ ಕಾಣಿಸಿತು! ಅವಳ ಕಡತಗಳೆಲ್ಲ ಸಾಲಾಗಿ ನಿಂತಿದ್ದವು! ಮೆಟ್ಟಿಲಿನ ನಕ್ಷೆ ಎರಡು ಸೆಕೆಂಡಿನಲ್ಲಿ ಹದಿನೇಳು ಮೆಟ್ಟಿಲು ಇಳಿದು ಬಂತು. ನಾನು ಕುಣಿದೆ. ನಿಜವಾಗಿಯೂ, ಒಂದು ಕಾಲು ಎತ್ತಿ! “ನೋಡಿದ್ಯಾ? ನೋಡಿದ್ಯಾ? ನಾನು ಹೇಳಿರಲಿಲ್ವಾ?”

“ಕುಣಿಯೋದು ಆಮೇಲೆ. ಈಗ ಕಳಿಸಿ.”

ಕಳಿಸಬೇಕಾದ ಮೋಡೆಮ್ ಮಾತಾಡುತ್ತಿರಲಿಲ್ಲವಲ್ಲ! ಕುಟ್ಟಿದೆ, ಬೇಡಿಕೊಂಡೆ, ಪೆಟ್ಟಿಗೆಯ ತಲೆಗೆ ಎರಡು ಮೊಟಕಿದೆ. ಗಂಟೆ ನಾಲ್ಕಾಯಿತು. ನಾಲ್ಕೂ ಹತ್ತಾಯಿತು.

“ಫ್ಲಾಪಿ ಕೊಡಿ, ನಾನು ಬಸ್ಸಿಗೆ ಹೋಗ್ತೀನಿ” ಎಂದಳು. ಹೇಳುವಾಗಲೇ ಅವಳಿಗೆ ಗೊತ್ತಿತ್ತು, ನಾಲ್ಕರ ಬಸ್ಸು ಹೋಗಿದೆ, ಮುಂದಿನದು ತಲುಪುವ ಹೊತ್ತಿಗೆ ಐದೂವರೆ. ನಕ್ಷೆಯನ್ನು ಫ್ಲಾಪಿಗೆ ತುಂಬಿ ಕೊಟ್ಟೆ. ಅದನ್ನು ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಅದರಲ್ಲಿ ನನಗೆ ಅಭ್ಯಾಸವಿದೆ. ಅವಳು ಫ್ಲಾಪಿಯನ್ನು ಕೈಯಲ್ಲಿ ತಿರುಗಿಸುತ್ತಲೇ ಇದ್ದಳು. ಎರಡು ವಾರ ಬೆನ್ನು ಬಗ್ಗಿಸಿ, ಒಂದೊಂದು ಮೆಟ್ಟಿಲಿನ ಎತ್ತರವನ್ನೂ ಪುಟ್ಟ ಮಕ್ಕಳ ಕಾಲಿಗೆ ಎಟಕುವಂತೆ ತಿದ್ದಿ ತೀಡಿದ್ದಳು. ಬೆಳಿಗ್ಗೆ ಆ ಇಪ್ಪತ್ತು ಸೆಕೆಂಡು ಅವಳಿಗೆ ಬಿಟ್ಟುಕೊಟ್ಟಿದ್ದರೆ ಎಲ್ಲ ಮುಗಿದಿರುತ್ತಿತ್ತು.

“ಕೇಳಿಲ್ಲಿ, ನಾನು...” ಎಂದು ಬಾಯಿ ತೆರೆದೆ.

ಢಣ ಢಣ ಢಣ ಢಣ! ಬೀದಿಯೇ ಅದುರುವಂತೆ ಗಂಟೆ ಬಾರಿಸುತ್ತ ಕೆಂಪು ವಾಹನವೊಂದು ಬಂದು ನಮ್ಮ ಮನೆಯ ಮುಂದೆಯೇ ಗಕ್ಕನೆ ನಿಂತಿತು. ಅಗ್ನಿಶಾಮಕ ದಳ! ಹೆಲ್ಮೆಟ್ಟಿನ ಐದು ಜನ ದುಮುಕಿದರು. ಒಬ್ಬ ಏಣಿ ಚಾಚಿದ, ಇಬ್ಬರು ಪೈಪು ಎಳೆದರು. ಎಲ್ಲರಿಗಿಂತ ಎತ್ತರದ, ಕಬ್ಬಿಣದ ಬೀರುವಿನಂಥ ಆಸಾಮಿ ಬಾಗಿಲು ದೂಡಿಕೊಂಡೇ ಒಳಗೆ ಬಂದ. ಅವರ ಠಾಣಾಧಿಕಾರಿ.

“ಎಲ್ಲಿ ಬೆಂಕಿ?”

“ಯಾವ ಬೆಂಕಿ?” ಎಂದೆ.

“ಎಚ್ಚರಿಕೆಯ ಸೈರನ್ನು ಮಧ್ಯಾಹ್ನದಿಂದ ಕಿರುಚ್ತಿದೆ, ಒಳಗಿರೋರು ಯಾರೂ ಮಾತಾಡ್ತಿಲ್ಲ ಅಂತ ಆಸ್ಪತ್ರೆಯಿಂದ ದೂರು ಬಂದಿದೆ. ಮೊದಲು ಎಲ್ಲರೂ ಹೊರಗೆ! ಆ ಅಜ್ಜಿಯನ್ನ ಎತ್ತಿ!”

“ಯಾರೋ ಅಜ್ಜಿ?” ಅತ್ತೆ ಗುಡುಗಿದರು. “ಅಜ್ಜಿ ಆದ್ನೋ ಇಲ್ವೋ ಗೊತ್ತಾಗಲಿ ಅಂತಲೇ ಇಲ್ಲಿ ಕೂತಿರೋದು! ಫೋನು ಬಿಟ್ಟು ನಾನು ಅಲ್ಲಾಡಲ್ಲ!”

ದಳದವರಿಗೆ ಇಂಥವರನ್ನು ಕಂಡು ಅಭ್ಯಾಸವಿರಬೇಕು. ಇಬ್ಬರು ಎರಡು ಕಡೆ ನಿಂತು ಬೆತ್ತದ ಕುರ್ಚಿಯನ್ನು ಅತ್ತೆಯ ಸಮೇತ ಪಲ್ಲಕ್ಕಿಯಂತೆ ಎತ್ತಿದರು. ಅತ್ತೆ ಫೋನನ್ನು ಎದೆಗವಚಿಕೊಂಡರು. ಫೋನಿನ ತಂತಿ ಮೋಡೆಮನ್ನು ಎಳೆಯಿತು. ಮೋಡೆಮ್ ಮೇಜಿನಿಂದ ಜಾರಿ, ತನ್ನ ಕರೆಂಟಿನ ವೈರನ್ನು ಪಟ್ಟೆಂದು ಕಿತ್ತುಕೊಂಡು, ಗಾಳಿಯಲ್ಲಿ ತೂಗಾಡಿತು. ಕೆಂಪು ಕಣ್ಣುಗಳೆಲ್ಲ ಆರಿದವು.

ಮರುಕ್ಷಣ ಫೋನು ಮೊಳಗಿತು. ಟ್ರಿಣ್ ಟ್ರಿಣ್! ಟ್ರಿಣ್ ಟ್ರಿಣ್! ಟ್ರಿಣ್ ಟ್ರಿಣ್! ಮಧ್ಯಾಹ್ನದಿಂದ ಮೊದಲ ಸಲ, ಪೂರ್ತಿ ಮೂರು ರಿಂಗು!

ನೆಲದಿಂದ ಮೂರಡಿ ಮೇಲೆ, ಇಬ್ಬರು ಯೋಧರ ನಡುವೆ ತೇಲುತ್ತ, ಅತ್ತೆ ರಿಸೀವರು ಎತ್ತಿದರು.

“ಹಲೋ... ಹ್ಞಾಂ, ನಾನೇ ಕಣಪ್ಪ... ಏನು?... ಯಾವಾಗ?... ಇಬ್ಬರೂ ಚೆನ್ನಾಗಿದ್ದಾರಾ?...” ಅವರ ದನಿ ಒಡೆಯಿತು. “ಹೆಣ್ಣು ಮಗು! ಒಂದೂಕಾಲಿಗೇ ಹುಟ್ಟಿದೆಯಂತೆ! ಇಬ್ಬರೂ ಸುಖವಾಗಿದ್ದಾರಂತೆ!”

ಹೆಂಡತಿ ಓಡಿ ಬಂದು ಅಮ್ಮನ ಕೊರಳಿಗೆ ಜೋತುಬಿದ್ದಳು. ಕುರ್ಚಿ ವಾಲಿತು. ಹೊತ್ತವರು ತತ್ತರಿಸಿದರು. ಪೈಪು ಹಿಡಿದು ನಿಂತಿದ್ದವರು ಚಪ್ಪಾಳೆ ತಟ್ಟಿದರು. ಬೀರು ಗಾತ್ರದ ಅಧಿಕಾರಿ ಹೆಲ್ಮೆಟ್ಟು ತೆಗೆದು ಕಣ್ಣೊರೆಸಿಕೊಂಡ. ಬೀದಿಯಲ್ಲಿ ನೆರೆದಿದ್ದ ಜನ, ಬೆಂಕಿ ಇಲ್ಲದಿದ್ದರೆ ಮಗುವಾದರೂ ಆಗಲಿ ಎಂದು ಕೇಕೆ ಹಾಕಿದರು!

ಅತ್ತೆ ರಿಸೀವರನ್ನು ನನ್ನ ಕಡೆ ಚಾಚಿದರು. “ತಗೊಳ್ಳಿ, ನಿಮ್ಮ ಹತ್ರ ಮಾತಾಡ್ಬೇಕಂತೆ.”

“ಅಣ್ಣಾ!” ಷಡ್ಡಕನ ದನಿ ಕಟ್ಟಿಹೋಗಿತ್ತು. “ನಲವತ್ತು ಸಲ ಮಾಡಿದೆ. ಪ್ರತಿ ಸಲ ಅದೇನೋ ಕ್ರೀಂಯ್ ಅಂತ ಕಿರುಚಾಟ. ನರ್ಸಿಗೆ ಕೇಳಿಸಿದೆ, ಅವರೂ ಹೆದರಿದ್ರು. ಮನೆ ಹೊತ್ತಿ ಉರೀತಿದೆ ಅಂದ್ಕೊಂಡ್ವಿ. ಏನದು?”

“ಅದು... ಸ್ವಯಂ ಉತ್ತರ.”

“ಯಾರ ಉತ್ತರ?”

ಅಷ್ಟರಲ್ಲಿ ಅಧಿಕಾರಿ ಒಂದು ನಮೂನೆ ಬಿಡಿಸಿಕೊಂಡು ನನ್ನ ಮೇಜಿನ ಮೇಲೆ ಕೂತಿದ್ದ. “ಸುಳ್ಳು ಕರೆ ಅಂತ ಬರೆಯೋ ಹಾಗಿಲ್ಲ, ಕರೆ ಮಾಡಿದೋರು ಒಳ್ಳೆ ಮನಸ್ಸಿಂದಲೇ ಮಾಡಿದ್ದಾರೆ. ಬೆಂಕಿ ಅಂತಲೂ ಬರೆಯೋ ಹಾಗಿಲ್ಲ. ಅವಘಡಕ್ಕೆ ಕಾರಣ ಅನ್ನೋ ಕಡೆ ಏನು ಬರೀಲಿ?”

“ಅಳಿಯ ಅಂತ ಬರ್ಕೊಳ್ಳಿ” ಎಂದರು ಅತ್ತೆ, ಪಲ್ಲಕ್ಕಿಯಿಂದ ಇಳಿಯುತ್ತ.

ಹೆಂಡತಿ ಗಡಿಯಾರ ನೋಡಿದಳು. ನಾಲ್ಕೂ ಇಪ್ಪತ್ತೈದು. ಕೈಯಲ್ಲಿದ್ದ ಫ್ಲಾಪಿ ನೋಡಿದಳು. ಅಧಿಕಾರಿಯನ್ನು ನೋಡಿದಳು.

“ಸರ್, ನಿಮ್ಮ ಠಾಣೆ ಎಲ್ಲಿರೋದು?”

ಅವನು ಹೇಳಿದ. ಎಂಜಿನಿಯರ ಕಚೇರಿಗೂ ಠಾಣೆಗೂ ನಡುವೆ ಒಂದೇ ಗೋಡೆ!

ಆಮೇಲೆ ನಡೆದದ್ದನ್ನು ನಾನು ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡೆ. ಅವಳು ನಾಲ್ಕು ಮಾತಿನಲ್ಲಿ ಕಥೆ ಹೇಳಿದಳು. ಶಾಲೆಯ ಮೆಟ್ಟಿಲು ಎಂದ ಕೂಡಲೇ ಅಧಿಕಾರಿಯ ಮುಖ ಗಂಭೀರವಾಯಿತು. ಬೆಂಕಿ ಬಿದ್ದಾಗ ಮಕ್ಕಳು ಇಳಿದು ಬರುವುದು ಮೆಟ್ಟಿಲಿನಲ್ಲೇ ತಾನೆ! “ಹತ್ತಿ ಅಮ್ಮಾ!” ಎಂದ. ಒಬ್ಬ ಅವಳ ತಲೆಗೆ ಹೆಲ್ಮೆಟ್ಟು ತೊಡಿಸಿದ. ಫ್ಲಾಪಿಯನ್ನು ಎದೆಗೊತ್ತಿಕೊಂಡು ನನ್ನ ಹೆಂಡತಿ ಚಾಲಕನ ಪಕ್ಕದಲ್ಲಿ ಕೂತಳು. ಢಣ ಢಣ ಢಣ! ಬಸ್ಸುಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಕೈಪಿಡಿ ಕೊಚ್ಚಿಕೊಂಡಿದ್ದ ಈಥರ್ನೆಟ್ಟಿನ ಹತ್ತು ಮೆಗಾಬಿಟ್ ವೇಗ ಎಂದರೇನೆಂದು ನನಗೆ ಆಗ ಅರ್ಥವಾಯಿತು.

ಸಂಜೆ ಆರಕ್ಕೆ ಅವಳು ನಗುತ್ತ ಹಿಂತಿರುಗಿದಳು. ಎಂಜಿನಿಯರು ಪೆಟ್ಟಿಗೆ ಹಿಡಿದು ಹೊರಡುತ್ತಿದ್ದರಂತೆ. ನಕ್ಷೆ ಹೊತ್ತು ಬಂದ ವಾಹನ ನೋಡಿ, “ಬೆಂಕಿ ಬಿದ್ದ ಹಾಗೆ ಕೆಲಸ ಮಾಡೋರು ಅಂದ್ರೆ ನೀವೇ!” ಎಂದು, ಮುಂದಿನ ಎರಡು ಕಟ್ಟಡದ ಕೆಲಸವನ್ನೂ ಅಲ್ಲೇ ಒಪ್ಪಿಸಿ ರೈಲಿಗೆ ಓಡಿದರಂತೆ.

ಭಾನುವಾರ ಬೆಳಿಗ್ಗೆ ಅವಳು ನನ್ನ ತಿದ್ದುಪಡಿಗಳಿಂದ ರಕ್ತಸಿಕ್ತವಾಗಿದ್ದ ಕೈಪಿಡಿಯನ್ನು ತೆಗೆದುಕೊಂಡು, ಕೂತು, ಓದಿದಳು. ಬರೇ ಓದಿದಳು! ಇಪ್ಪತ್ತು ನಿಮಿಷ. ಕಾರ್ಡಿನ ಪುಟ್ಟ ಟೋಪಿಯನ್ನು ಮೂರರಿಂದ ತೆಗೆದು ಐದಕ್ಕೆ ತೊಡಿಸಿದಳು. ಮೋಡೆಮಿನ ಸ್ವಯಂ ಉತ್ತರವನ್ನು ಅಳಿಸಿದಳು. ಎಲ್ಲವೂ ಎಲ್ಲದರ ಜೊತೆ ಮಾತಾಡತೊಡಗಿತು. ನಾನು ಮಾತ್ರ ಮಾತಾಡಲಿಲ್ಲ. ಮಗುವನ್ನು ನೋಡಲು ಹೋದಾಗಲೂ ಬಾಯಿ ಬಿಡಲಿಲ್ಲ. ಮಗು ಹಾಯಾಗಿ ಮಲಗಿತ್ತು, ಷಡ್ಡಕ ಕಿವಿಗೆ ಹತ್ತಿ ಇಟ್ಟುಕೊಂಡಿದ್ದ.

ಸೋಮವಾರ ಫೋನು ಬಂತು. ಅಗ್ನಿಶಾಮಕ ಠಾಣೆಯ ಅಧಿಕಾರಿ! ಅವರ ಠಾಣೆಗೂ ಎರಡು ಕಂಪ್ಯೂಟರು ಬಂದು ತಿಂಗಳಾಗಿದೆ, ಒಂದರ ಮುಖ ಇನ್ನೊಂದು ನೋಡುತ್ತಿಲ್ಲ, ಬಂದು ಕೂಡಿಸಿ ಕೊಡಬಹುದೇ ಎಂದು ಕೇಳಿದ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಗಂಟಲು ಸರಿಮಾಡಿಕೊಂಡೆ. ಕೊನೆಗೂ ಲೋಕ ನನ್ನನ್ನು ಗುರುತಿಸಿತ್ತು!

“ಖಂಡಿತ ಸರ್! ಯಾವಾಗ ಬರಲಿ?”

ಆ ಕಡೆ ಒಂದು ಕೆಮ್ಮು ಕೇಳಿಸಿತು. ಆಮೇಲೆ ಅಧಿಕಾರಿ ಬಹಳ ವಿನಯದಿಂದ ಹೇಳಿದ:

“ತಪ್ಪು ತಿಳ್ಕೋಬೇಡಿ ಸರ್. ಅಮ್ಮಾವ್ರು ಒಬ್ಬರೇ ಬಂದ್ರೆ ಸಾಕು. ನಮ್ಮ ಹತ್ರ ಬೆಂಕಿ ಆರಿಸೋಕೆ ಇರೋದು ಒಂದೇ ವಾಹನ.”